ಅಗಸೆ ಎಣ್ಣೆಯಿಂದ ಮರಮುಟ್ಟುಗಳಿಗೆ ಲೇಪ

(ಗ್ರಾಮಗಳ ಜಮೀನುದಾರರಿಗೂ ಮುಖಂಡರಿಗೂ ಮಾಡಿದ ಉಪನ್ಯಾಸ)



ಒಕ್ಕಲುಮನೆಯಲ್ಲಿ ಮರದ ಸಾಮಾನಿಲ್ಲದೆ ಒಂದು ದಿನವೂ ಕೆಲಸ ಸಾಗುವಂತಿಲ್ಲ. ನೇಗಿಲಿನ ಮೇಳಿ, ನೊಗ, ಕುಂಟೆ, ಕೂರಿಗೆ, ಗುದ್ದಲಿ ಕೊಡಲಿಗಳ ಕಾವು, ಗಾಡಿಯ ಮೂಕಿ, ಕೊಟ್ಟಿಗೆಯ ಗೋದಲಿ, ಮನೆಯ ಬಾಗಿಲು, ಚೌಕಟ್ಟು ಇವೆಲ್ಲವೂ ಮರದವೇ. ಉಳುಮೆಗೆ ಟ್ರ್ಯಾಕ್ಟರು ಬಂದಿರುವ ಊರುಗಳಲ್ಲಿಯೂ ಕೈಯಲ್ಲಿ ಹಿಡಿಯುವ ಉಪಕರಣದ ಕಾವು ಮರದ್ದೇ ಆಗಿದೆ. ಈ ಮರಮುಟ್ಟುಗಳು ಬೇಸಿಗೆಯಲ್ಲಿ ಒಣಗಿ ಸೀಳುವುವು; ಸೀಳಿದ ಕಡೆ ಮಳೆಗಾಲದ ನೀರು ಇಳಿಯುವುದು; ಇಳಿದ ನೀರು ಆರುವುದರೊಳಗೆ ಬೂಷ್ಟು ಹಿಡಿದು ಮರವು ಕೊಳೆಯಲಾರಂಭಿಸುವುದು. ಹೀಗೆ ನಾಲ್ಕಾರು ಮಳೆಗಾಲಗಳು ಕಳೆಯುವಷ್ಟರಲ್ಲಿ ಗಟ್ಟಿಯಾದ ಮರವೂ ಒಲೆಗೆ ಸೇರುತ್ತದೆ. ಮರವು ದುಡಿದು ಸವೆಯುವುದಕ್ಕಿಂತಲೂ ನೆನೆದು ಒಣಗಿ ಹಾಳಾಗುವುದೇ ಹೆಚ್ಚು. ಇದನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೆ ತಕ್ಕ ಉಪಾಯವು ತಮ್ಮ ಹೊಲದಲ್ಲಿಯೇ ಬೆಳೆಯುತ್ತದೆಂಬುದನ್ನು ಬಲ್ಲವರು ಕಡಮೆ.

ಅಂಗಡಿಗಳಲ್ಲಿ ಸಿಕ್ಕುವ ಈಗಿನ ಬಣ್ಣ ಮತ್ತು ವಾರ್ನಿಷುಗಳಲ್ಲಿ ಬಹುಪಾಲು ಕಲ್ಲೆಣ್ಣೆಯಿಂದ ಪಡೆದ ಕೃತಕ ರಾಳಗಳಿಂದ ತಯಾರಾದುವು. ಅವು ಹೊಳಪಾಗಿಯೂ ಗಟ್ಟಿಯಾಗಿಯೂ ಇರುವುವೆಂಬುದು ನಿಜ. ಆದರೆ ಬಿಸಿಲಿಗೆ ಸಿಪ್ಪೆಯೆದ್ದು ಉದುರಿದ ಮೇಲೆ ಆ ಚೂರುಗಳು ಪ್ಲಾಸ್ಟಿಕ್ಕಿನಂತೆ ಮಣ್ಣಿನಲ್ಲಿ ಬಹುಕಾಲ ಕೊಳೆಯದೆ ಉಳಿಯುವುವು. ಗೊಬ್ಬರದ ಗುಂಡಿಗೆ ಬಿದ್ದರೆ ಗೊಬ್ಬರದೊಡನೆ ಹೊಲಕ್ಕೂ ಬರುವುವು. ಅಗಸೆ ಎಣ್ಣೆಯ ಲೇಪವು ಹಾಗಲ್ಲ. ಅದು ಗಿಡದಿಂದ ಬಂದದ್ದು. ತನ್ನ ಕಾಲ ಮುಗಿದ ಮೇಲೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಮಣ್ಣಿಗೇ ಸೇರತಕ್ಕದ್ದು. ಈ ಲೇಪವನ್ನು ತಯಾರಿಸುವ ಕ್ರಮ, ಬಳಿಯುವ ಕ್ರಮ, ಅದರಿಂದ ಆಗುವ ಮತ್ತು ಆಗದಿರುವ ಪ್ರಯೋಜನ, ಹಾಗೂ ಅದರಲ್ಲಿ ಅಡಗಿರುವ ಒಂದು ದೊಡ್ಡ ಅಪಾಯ ಇವುಗಳನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ಒಣಗುವ ಎಣ್ಣೆ, ಒಣಗದ ಎಣ್ಣೆ

ಎಲ್ಲ ಎಣ್ಣೆಗಳೂ ಒಂದೇ ಎಂದು ತಿಳಿದು ಮರಕ್ಕೆ ಕೈಗೆ ಸಿಕ್ಕಿದ ಎಣ್ಣೆಯನ್ನು ಸವರುವವರುಂಟು. ಹೊಂಗೆಯೆಣ್ಣೆ, ಹರಳೆಣ್ಣೆ, ಕಡಲೆಕಾಯಿ ಎಣ್ಣೆ ಯಾವುದಾದರೂ ಆದೀತೆಂಬುದು ಅವರ ಭಾವನೆ. ಇದು ತಪ್ಪು. ಈ ಎಣ್ಣೆಗಳು ಮರದ ಮೇಲೆ ಎಷ್ಟು ದಿನವಿದ್ದರೂ ಎಣ್ಣೆಯಾಗಿಯೇ ಇರುವುವು. ಧೂಳನ್ನು ಹಿಡಿಯುವುವು, ಕೈಗೆ ಅಂಟುವುವು, ಮೊದಲ ದೊಡ್ಡ ಮಳೆಯಲ್ಲಿ ತೊಳೆದುಹೋಗುವುವು. ಅಗಸೆ ಎಣ್ಣೆಯಾದರೋ ತೆಳ್ಳಗೆ ಬಳಿದಾಗ ಕೆಲವು ದಿನಗಳಲ್ಲಿ ಗಟ್ಟಿಯಾದ ಪೊರೆಯಾಗಿ ಮಾರ್ಪಡುತ್ತದೆ. ಆ ಪೊರೆಯನ್ನು ಬಿಸಿಮಾಡಿದರೆ ಕರಗಿ ಮತ್ತೆ ಎಣ್ಣೆಯಾಗುವುದಿಲ್ಲ, ನೀರಿನಲ್ಲಿಟ್ಟರೆ ಕದಡುವುದಿಲ್ಲ. ಅದು ಎಣ್ಣೆಯ ಜಾತಿಯನ್ನು ಬಿಟ್ಟು ರಾಳದ ಜಾತಿಗೆ ಸೇರಿತೆಂದೇ ಹೇಳಬೇಕು.

ಇದನ್ನು ಯಾರ ಮಾತಿನ ಮೇಲೂ ನಂಬಬೇಕಾಗಿಲ್ಲ. ಒಂದು ಗಾಜಿನ ಹಲಗೆಯನ್ನು ಬೂದಿಯಿಂದ ಚೆನ್ನಾಗಿ ಉಜ್ಜಿ ತೊಳೆದು ಒಣಗಿಸಿ, ಅದರ ಮೇಲೆ ಐದು ಗೆರೆಗಳಾಗಿ ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ, ಕುಸುಬೆಯೆಣ್ಣೆ, ಅಗಸೆ ಎಣ್ಣೆ ಇವುಗಳನ್ನು ಬೆರಳಿನಿಂದ ಬಹು ತೆಳ್ಳಗೆ ಸವರಿ, ಧೂಳಿಲ್ಲದ ಬೆಳಕಿನ ಕಡೆ ಇಡತಕ್ಕದ್ದು. ದಿನಕ್ಕೊಮ್ಮೆ ಬೆರಳು ಮುಟ್ಟಿ ನೋಡುತ್ತ ಬಂದರೆ, ವಾರ ಹತ್ತು ದಿನಗಳಲ್ಲಿ ಅಗಸೆಯು ಒಣಗಿರುವುದನ್ನೂ, ಕುಸುಬೆ ಹುಚ್ಚೆಳ್ಳುಗಳು ಅಂಟಂಟಾಗಿ ನಿಧಾನವಾಗಿ ಗಟ್ಟಿಯಾಗುತ್ತಿರುವುದನ್ನೂ, ಕಡಲೆಕಾಯಿ ಮತ್ತು ತೆಂಗಿನ ಎಣ್ಣೆಗಳು ಸವರಿದ ದಿನ ಹೇಗಿದ್ದುವೋ ಹಾಗೆಯೇ ಇರುವುದನ್ನೂ ಕಾಣಬಹುದು. ಊರಿನ ಶಾಲೆಯ ಕಿಟಕಿಯಲ್ಲಿ ಈ ಹಲಗೆಯನ್ನಿಟ್ಟರೆ ಮಕ್ಕಳೂ ನೋಡಿ ತಿಳಿಯುವರು.

ರಸಾಯನಶಾಸ್ತ್ರಜ್ಞರು ಈ ಭೇದವನ್ನು ಅಯೋಡೀನ್ ಅಂಕವೆಂಬ ಅಳತೆಯಿಂದ ಗುರುತಿಸುವರು. ನೂರು ಗ್ರಾಂ ಎಣ್ಣೆಯು ಎಷ್ಟು ಗ್ರಾಂ ಅಯೋಡೀನನ್ನು ಹೀರಿಕೊಳ್ಳುವುದೋ ಅದೇ ಆ ಎಣ್ಣೆಯ ಅಂಕ. ತೆಂಗಿನೆಣ್ಣೆಯ ಅಂಕವು ಹತ್ತರ ಆಸುಪಾಸಿನದು. ಕಡಲೆಕಾಯಿ ಎಣ್ಣೆಯದು ಸುಮಾರು ೯೦. ಹುಚ್ಚೆಳ್ಳಿನದು ಸುಮಾರು ೧೩೦. ಕುಸುಬೆಯದು ಸುಮಾರು ೧೪೫. ಅಗಸೆಯದು ೧೭೦ಕ್ಕೂ ಮೇಲ್ಪಟ್ಟದ್ದು. ಅಂಕವು ಹೆಚ್ಚಿದಷ್ಟೂ ಎಣ್ಣೆಯು ಬೇಗ ಒಣಗುವುದೆಂದು ಸ್ಥೂಲವಾಗಿ ತಿಳಿಯಬಹುದು.

ಗಾಳಿಯು ಮಾಡುವ ಕೆಲಸ

ಒದ್ದೆಯ ಬಟ್ಟೆ ಒಣಗುವುದೆಂದರೆ ಅದರಲ್ಲಿರುವ ನೀರು ಹೊರಕ್ಕೆ ಹೋಗುವುದು. ಅಗಸೆ ಎಣ್ಣೆಯು ಒಣಗುವುದು ಇದಕ್ಕೆ ತೀರ ವಿರುದ್ಧವಾದುದು. ಅದರಿಂದ ಏನೋ ಹೊರಕ್ಕೆ ಹೋಗುವುದರಿಂದಲ್ಲ, ಗಾಳಿಯಿಂದ ಆಮ್ಲಜನಕವೆಂಬ ಅನಿಲವು ಒಳಕ್ಕೆ ಸೇರುವುದರಿಂದ ಅದು ಗಟ್ಟಿಯಾಗುತ್ತದೆ. ತೆಳುವಾದ ತಗಡಿಗೆ ಅಗಸೆ ಎಣ್ಣೆಯನ್ನು ಸವರಿ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ, ಒಣಗಿದ ಮೇಲೆ ಪುನಃ ತೂಗಿದರೆ, ತೂಕವು ಇಳಿದಿರುವುದರ ಬದಲು ಏರಿರುವುದು. ಎಣ್ಣೆಯ ತೂಕದಲ್ಲಿ ನೂರಕ್ಕೆ ಹತ್ತು ಪಾಲಿಗೂ ಹೆಚ್ಚು ಏರಿಕೆಯಾಗುವುದುಂಟು. ಅಗಸೆ ಎಣ್ಣೆಯಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಮೇಲ್ಪಟ್ಟು ಲಿನೋಲೆನಿಕ್ ಆಮ್ಲವೆಂಬ ಅಂಶವಿದೆ. ಇದರ ಕಣಗಳಲ್ಲಿ ಆಮ್ಲಜನಕವು ಹಿಡಿದುಕೊಳ್ಳಲು ತಕ್ಕ ಎಡೆಗಳಿವೆ. ಆ ಎಡೆಗಳಲ್ಲಿ ಕಣಕ್ಕೆ ಕಣವು ಕೂಡಿಕೊಂಡು, ನೂಲು ನೂಲಾಗಿದ್ದದ್ದು ಬಲೆಯಾಗಿ ಹೆಣೆದುಕೊಳ್ಳುವುದು. ಆ ಬಲೆಯೇ ಪೊರೆ.

ಈ ಗುಣವನ್ನು ಕೈಗಾರಿಕೆಗೆ ತಂದವನು ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಎಂಬವನು. ಅಗಸೆ ಎಣ್ಣೆಯ ಬಣ್ಣದ ಡಬ್ಬಿಯಲ್ಲಿ ಮೇಲುಗಡೆ ರಬ್ಬರಿನಂತಹ ಕೆನೆ ಕಟ್ಟಿದುದನ್ನು ನೋಡಿ, ಕೆನೆಯನ್ನು ತೆಗೆದೆಸೆಯುವ ಬದಲು ಕೆನೆಯನ್ನೇ ಬೇಕೆಂದು ಮಾಡಿದರೇನೆಂದು ಅವನು ಯೋಚಿಸಿದನು. ಆ ಕೆನೆಗೆ ಬೆಂಡಿನ ಪುಡಿ ಮೊದಲಾದುವನ್ನು ಬೆರೆಸಿ ಬಟ್ಟೆಯ ಮೇಲೆ ಒತ್ತಿ ನೆಲಹಾಸನ್ನು ಮಾಡಿ, ೧೮೬೩ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಅದೇ ಲಿನೋಲಿಯಂ. ಅಗಸೆಯ ಲ್ಯಾಟಿನ್ ಹೆಸರಾದ ಲೈನಂ ಮತ್ತು ಎಣ್ಣೆ ಎಂಬರ್ಥದ ಓಲಿಯಂ ಎಂಬ ಎರಡು ಮಾತುಗಳು ಕೂಡಿ ಆ ಹೆಸರಾಯಿತು. ಈಗಲೂ ಆ ನೆಲಹಾಸು ತಯಾರಾಗುತ್ತಿದ್ದು, ಪ್ಲಾಸ್ಟಿಕ್ಕಿನ ಹಾಸುಗಳಂತಲ್ಲದೆ ಮಣ್ಣಿನಲ್ಲಿ ಕೊಳೆಯತಕ್ಕದ್ದಾದುದರಿಂದ ಅದಕ್ಕೆ ಪುನಃ ಬೇಡಿಕೆಯುಂಟಾಗಿದೆ.

ನಮ್ಮ ದೇಶದಲ್ಲಿಯೂ ಈ ವಿದ್ಯೆಯು ಹೊಸತಲ್ಲ. ಕುಸುಬೆಯೆಣ್ಣೆಯನ್ನು ಬಹುಹೊತ್ತು ಕಾಯಿಸಿ ತಣ್ಣೀರಿಗೆ ಸುರಿದರೆ ರೋಗನ್ ಎಂಬ ಅಂಟಿನಂತಹ ಪದಾರ್ಥವಾಗುತ್ತಿತ್ತು. ಪೇಷಾವರದ ಕಡೆ ಅದರಿಂದ ಬಟ್ಟೆಯ ಮೇಲೆ ಚಿತ್ರ ಬರೆಯುತ್ತಿದ್ದರು. ಕಚ್ಛ್ ಸೀಮೆಯ ನಿರೋಣಾ ಗ್ರಾಮದಲ್ಲಿ ಹರಳೆಣ್ಣೆಯನ್ನು ದಿನಗಟ್ಟಲೆ ಕಾಯಿಸಿ ಇಂತಹುದೇ ರೋಗನ್ ಮಾಡಿ ಬಟ್ಟೆಯ ಮೇಲೆ ಚಿತ್ರ ಬರೆಯುವ ಕಲೆ ಈಗಲೂ ನಡೆದಿದೆ. ಒಣಗದ ಹರಳೆಣ್ಣೆಯೂ ಅತಿಯಾದ ಕಾವಿನಲ್ಲಿ ಸ್ವಭಾವವನ್ನು ಬದಲಾಯಿಸಿ ಒಣಗುವ ಎಣ್ಣೆಯಾಗುವುದೆಂಬುದಕ್ಕೆ ಇದೇ ಸಾಕ್ಷಿ. ಆದರೆ ಈ ಕೆಲಸವು ಅದರಲ್ಲಿಯೇ ಪಳಗಿದವರದು. ಮನೆಯಲ್ಲಿ ಎಣ್ಣೆಯನ್ನು ಹಾಗೆ ಕಾಯಿಸಹೊರಟರೆ ಬಾಣಲೆಗೇ ಬೆಂಕಿ ಹತ್ತುವುದು. ಒಕ್ಕಲಿಗನಿಗೆ ಸೂರ್ಯನ ಕಾವೇ ಸಾಕು.

ಎಣ್ಣೆಯನ್ನು ತಯಾರಿಸುವ ಕ್ರಮ

ಬಿಜಾಪುರ, ಧಾರವಾಡ, ಕಲಬುರಗಿ, ರಾಯಚೂರು, ಬೀದರ ಸೀಮೆಗಳ ಎರೆಭೂಮಿಯಲ್ಲಿ ಅಗಸೆಯು ಹಿಂಗಾರಿಯ ಬೆಳೆಯಾಗಿ ಬಹುಕಾಲದಿಂದ ಪರಿಚಿತವಾದುದು. ಜೋಳ, ಕಡಲೆ, ಗೋಧಿಗಳ ನಡುವೆ ಸಾಲು ಸಾಲಾಗಿಯೂ ಅದನ್ನು ಬಿತ್ತುವುದುಂಟು. ಅದರ ಚಟ್ನಿಪುಡಿಯನ್ನು ಉಣ್ಣದ ಮನೆ ಆ ಕಡೆ ವಿರಳ. ಬೀಜದಲ್ಲಿ ನೂರಕ್ಕೆ ೩೫ರಿಂದ ೪೩ ಪಾಲಿನವರೆಗೂ ಎಣ್ಣೆಯಿರುವುದು; ಗಾಣದಲ್ಲಿ ಅದಕ್ಕಿಂತ ಕಡಮೆ ಇಳಿಯುವುದು. ಹಿಂಡಿಯು ದನಗಳಿಗಾಗುವುದು.

ಲೇಪಕ್ಕಾಗಿ ಎಣ್ಣೆ ತೆಗೆಸುವವನು ಮೂರು ಸಂಗತಿಗಳನ್ನು ಗಮನಿಸತಕ್ಕದ್ದು. ಮೊದಲನೆಯದು, ಬೀಜವನ್ನು ಕೇರಿ ಜರಡಿ ಹಿಡಿದು ಸಾಸುವೆ ಮೊದಲಾದ ಬೇರೆ ಬೀಜಗಳಿಲ್ಲದಂತೆ ಮಾಡುವುದು. ಎರಡನೆಯದು, ಬೀಜವನ್ನು ಹುರಿಯದೆ ಹಸಿಯಾಗಿಯೇ ಗಾಣಕ್ಕೆ ಹಾಕುವುದು. ಮೂರನೆಯದು ಬಹು ಮುಖ್ಯವಾದುದು: ಗಾಣದಲ್ಲಿ ಹಿಂದಿನ ದಿನ ಕಡಲೆಕಾಯಿ ಆಡಿಸಿದ್ದರೆ, ಅದರ ಉಳಿಕೆಯು ಅಗಸೆ ಎಣ್ಣೆಗೆ ಸೇರಿ ಒಣಗುವ ಗುಣವನ್ನು ಕೆಡಿಸುವುದು. ಆದುದರಿಂದ ಗಾಣವನ್ನು ಶುಚಿಮಾಡಿಸಿ, ಮೊದಲು ಇಳಿದ ಸ್ವಲ್ಪ ಎಣ್ಣೆಯನ್ನು ಬೇರೆಯಾಗಿ ಇಡಬೇಕು. ಅಂಗಡಿಯಲ್ಲಿ ಕೊಳ್ಳುವವನು ಮೇಲೆ ಹೇಳಿದ ಗಾಜಿನ ಹಲಗೆಯ ಪರೀಕ್ಷೆಯನ್ನು ಮಾಡಿ ನೋಡಿಯೇ ಹೆಚ್ಚಾಗಿ ಕೊಳ್ಳಲಿ. ಅಗ್ಗದ ಎಣ್ಣೆಯನ್ನೋ ಖನಿಜ ತೈಲವನ್ನೋ ಬೆರೆಸಿದ್ದರೆ ಆ ಲೇಪವು ತಿಂಗಳಾದರೂ ಅಂಟುತ್ತಲೇ ಇರುವುದು. ಅಗ್ಗಕ್ಕೆ ಆಸೆಪಟ್ಟು ತಂದ ಎಣ್ಣೆಯನ್ನು ಬಾಗಿಲಿನಿಂದ ಕೆರೆದು ತೆಗೆಯುವ ಕೂಲಿಯು ಒಳ್ಳೆಯ ಎಣ್ಣೆಯ ಬೆಲೆಗಿಂತ ಹೆಚ್ಚಾದೀತು.

ಹೊಸದಾಗಿ ಆಡಿಸಿದ ಎಣ್ಣೆಯಲ್ಲಿ ಲೋಳೆಯ ಅಂಶವಿರುತ್ತದೆ. ಅದು ಪೊರೆಯನ್ನು ಮೆತ್ತಗೆ ಮಾಡಿ ನೀರನ್ನು ಹೀರುವಂತೆ ಮಾಡುವುದರಿಂದ ಅದನ್ನು ತೆಗೆಯಬೇಕು. ಎಣ್ಣೆಯನ್ನು ಒಂದು ತಿಂಗಳು ಅಲುಗಾಡಿಸದೆ ಇಟ್ಟರೆ ಮಡ್ಡಿಯು ಕೆಳಗೆ ಇಳಿಯುವುದು; ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬೇಕು. ಅನಂತರ ಒಂದು ದೊಡ್ಡ ಗಾಜಿನ ಸೀಸೆಗೆ ಎಣ್ಣೆಯನ್ನೂ, ಅಷ್ಟೇ ನೀರನ್ನೂ, ಒಂದು ಹಿಡಿ ಉಪ್ಪನ್ನೂ ಹಾಕಿ ಚೆನ್ನಾಗಿ ಕುಲುಕಿ ನಿಲ್ಲಿಸಿದರೆ, ಎಣ್ಣೆಯು ಮೇಲೆಯೂ ನೀರು ಕೆಳಗೂ ನಿಂತು, ಎರಡರ ನಡುವೆ ಬಿಳಿಯ ಲೋಳೆಯು ಕಾಣುವುದು. ಎಣ್ಣೆಯನ್ನು ಮಾತ್ರ ತೆಗೆದುಕೊಂಡು, ಲೋಳೆಯು ಕಾಣದಾಗುವವರೆಗೆ ಮೂರು ನಾಲ್ಕು ಸಲ ಹೀಗೆ ತೊಳೆಯಬೇಕು.

ತೊಳೆದ ಎಣ್ಣೆಯನ್ನು ಅಗಲವಾದ ಪಿಂಗಾಣಿ ಬೋಗುಣಿಯಲ್ಲಿ ಅರ್ಧ ಅಂಗುಲದ ಎತ್ತರಕ್ಕೆ ಹಾಕಿ, ಬೋಗುಣಿಯ ಅಂಚಿನಲ್ಲಿ ಸಣ್ಣ ಮರದ ಚಕ್ಕೆಗಳನ್ನಿಟ್ಟು ಅವುಗಳ ಮೇಲೆ ಗಾಜನ್ನು ಮುಚ್ಚಬೇಕು. ಗಾಜು ಧೂಳನ್ನು ತಡೆಯುವುದು. ಚಕ್ಕೆಗಳ ಸಂದಿಯಿಂದ ಗಾಳಿಯಾಡುವುದು. ಬೇಸಿಗೆಯ ಬಿಸಿಲಿನಲ್ಲಿ ಹೀಗೆ ಎರಡರಿಂದ ನಾಲ್ಕು ವಾರಗಳವರೆಗೆ ಇಟ್ಟು, ಕೆನೆ ಕಟ್ಟದಂತೆ ದಿನವೂ ಕದಡಿಸಬೇಕು. ರಾತ್ರಿ ಒಳಗೆ ಇಡಬೇಕು. ಎಣ್ಣೆಯ ಬಣ್ಣವು ತಿಳಿಯಾಗಿ ಜೇನುತುಪ್ಪದಂತೆ ನಿಧಾನವಾಗಿ ಹರಿಯುವಾಗ ಅದು ಸಿದ್ಧವಾಯಿತೆಂದು ತಿಳಿಯಬೇಕು. ಇದನ್ನು ಸಣ್ಣ ಸೀಸೆಗಳಲ್ಲಿ ಕಂಠದವರೆಗೆ ತುಂಬಿ ಬಿರಟೆ ಬಿಗಿದಿಡಬೇಕು. ಸೀಸೆಯಲ್ಲಿ ಗಾಳಿಗೆ ಎಡೆಯಿದ್ದರೆ ಅಲ್ಲಿಯೇ ಕೆನೆ ಕಟ್ಟುವುದು. ಅಡಿಗೆಮನೆಯ ಎಣ್ಣೆಯೊಡನೆ ಬೆರೆಯದಂತೆ ಹೆಸರು ಬರೆದು ಬೇರೆಯಾಗಿ ಇಡುವುದು ಅವಶ್ಯಕ.

ಬಳಿಯುವ ಕ್ರಮ

ಮರವು ಒಣಗಿರಬೇಕು. ಹಸಿಮರಕ್ಕೆ ಬಳಿದರೆ ಒಳಗಿನ ತೇವವು ಹೊರಕ್ಕೆ ಬರಲಾರದೆ ಒಳಗೇ ಕೊಳೆಸುವುದು. ಹಳೆಯ ಧೂಳು, ಜಿಡ್ಡು, ಬೂಷ್ಟುಗಳನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ ಧೂಳನ್ನು ಕೊಡವಬೇಕು.

ಮೊದಲನೆಯ ಕೈಗೆ ಎರಡು ಭಾಗ ಎಣ್ಣೆಗೆ ಒಂದು ಭಾಗ ಟರ್ಪೆಂಟೈನ್ ಬೆರೆಸಬಹುದು. ಇದೂ ದೇವದಾರುವಿನ ಜಾತಿಯ ಪೈನ್ ಮರದ ಅಂಟಿನಿಂದ ಬಟ್ಟಿಯಿಳಿಸಿದ್ದೇ. ಇದರಿಂದ ಎಣ್ಣೆಯು ತೆಳುವಾಗಿ ಮರದ ಒಳಕ್ಕೆ ಇಳಿಯುವುದು. ಟರ್ಪೆಂಟೈನಿನ ಆವಿಯು ಬೆಂಕಿಯನ್ನು ಬೇಗ ಹಿಡಿಯುವುದರಿಂದ ಬಯಲಿನಲ್ಲಿ ಕೆಲಸ ಮಾಡಬೇಕು. ಬೀಡಿ, ದೀಪ, ಒಲೆಗಳು ಹತ್ತಿರ ಇರಕೂಡದು. ಮರದ ಕೊರೆದ ತುದಿಗಳು ನೀರನ್ನು ಹೆಚ್ಚಾಗಿ ಹೀರುವುದರಿಂದ ಅಲ್ಲಿಗೆ ಎರಡು ಮೂರು ಸಲ ಉಣಿಸಬೇಕು. ಅರ್ಧ ಗಂಟೆಯ ಮೇಲೆ ಮರವು ಹೀರದೆ ಉಳಿದ ಎಣ್ಣೆಯನ್ನು ಬಟ್ಟೆಯಿಂದ ಒರಸಿಬಿಡಬೇಕು. ಇದನ್ನು ಎಲ್ಲರೂ ಮರೆಯುವರು. ದಪ್ಪಗೆ ಬಳಿದರೆ ಹೆಚ್ಚು ರಕ್ಷಣೆಯೆಂದು ಎಣಿಸುವುದು ಸಹಜವಾದರೂ ಫಲವು ವಿಪರೀತವಾಗುವುದು. ಗಾಳಿಯು ಮೇಲಿನಿಂದ ಬರತಕ್ಕದ್ದಾದುದರಿಂದ ಮೇಲ್ಭಾಗವು ಮೊದಲು ಒಣಗಿ ಮುಚ್ಚಿಕೊಳ್ಳುವುದು. ಅದರ ಕೆಳಗಿನ ಎಣ್ಣೆಗೆ ಗಾಳಿಯು ಸಿಕ್ಕದೆ ಹಸಿಯಾಗಿಯೇ ಉಳಿದು, ಮೇಲಿನ ಪೊರೆಯು ಸುಕ್ಕುಗಟ್ಟುವುದು.

ಮೊದಲನೆಯ ಕೈ ಪೂರ್ಣವಾಗಿ ಒಣಗಿದ ಮೇಲೆಯೇ ಎರಡನೆಯದು. ಅದು ಒಣಗಿದ ಮೇಲೆಯೇ ಮೂರನೆಯದು. ಬೇಸಿಗೆಯಲ್ಲಿ ನಡುವೆ ಮೂರರಿಂದ ಏಳು ದಿನಗಳು ಬೇಕಾಗುವುವು. ಮಳೆಗಾಲದಲ್ಲಿಯೂ ಚಳಿಯಲ್ಲಿಯೂ ಇನ್ನೂ ಹೆಚ್ಚು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ. ಫಾಲ್ಗುಣ ಚೈತ್ರಗಳಲ್ಲಿ, ಹೊಲದ ಕೆಲಸವು ಕಡಮೆಯಿರುವಾಗ ಈ ಕೆಲಸವನ್ನು ಮುಗಿಸಿದರೆ ಮುಂಗಾರಿನ ಮೊದಲ ಹನಿ ಬೀಳುವ ವೇಳೆಗೆ ಪೊರೆಯು ಗಟ್ಟಿಯಾಗಿರುವುದು. ಒಂದು ಲೀಟರ್ ಎಣ್ಣೆಯು ಒಂದು ಸಾಧಾರಣ ಬಾಗಿಲಿನ ಎರಡು ಮಗ್ಗುಲಿಗೂ ಮೂರು ಸಲ ಬಳಿಯಲು ಸಾಮಾನ್ಯವಾಗಿ ಸಾಕು.

ಬಿಸಿಲಿಗೆ ನೇರವಾಗಿ ಒಡ್ಡಿಕೊಂಡಿರುವ ಬಾಗಿಲು, ಗಾಡಿಗಳಿಗೆ ಎರಡನೆಯ ಮತ್ತು ಮೂರನೆಯ ಕೈಯಲ್ಲಿ ನುಣ್ಣಗೆ ಅರೆದ ಕೆಂಪು ಜಾಜನ್ನು ಬೆರೆಸಿದರೆ ಲೇಪವು ಹೆಚ್ಚು ಕಾಲ ಬಾಳುವುದು. ಜಾಜಿನಲ್ಲಿರುವ ಕಬ್ಬಿಣದ ಅಂಶವು ಬಿಸಿಲು ಮರವನ್ನು ಮುಟ್ಟದಂತೆ ತಡೆಯುವುದು. ಅಗಸೆ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿಯನ್ನು ಹಿಟ್ಟಿನಂತೆ ನಾದಿದರೆ ಬಿರುಕುಗಳನ್ನೂ ಮೊಳೆಯ ತೂತುಗಳನ್ನೂ ಮುಚ್ಚಲು ಒಳ್ಳೆಯ ಮೆತ್ತೆಯಾಗುವುದು.

ಈ ಲೇಪದಿಂದ ಆಗದಿರುವುದು

ಗುಣಗಳನ್ನು ಮಾತ್ರ ಹೇಳಿ ದೋಷಗಳನ್ನು ಮುಚ್ಚಿದರೆ ರೈತನು ಮೋಸಹೋಗುವನು. ಅಗಸೆ ಎಣ್ಣೆಯು ಗೆದ್ದಲನ್ನು ಕೊಲ್ಲುವುದಿಲ್ಲ. ನೆಲದಲ್ಲಿ ಹೂಳುವ ಕಂಬಕ್ಕೆ ಇದನ್ನು ಬಳಿದು ನಿಶ್ಚಿಂತನಾಗಿ ಕುಳಿತರೆ ನಷ್ಟವೇ ಸರಿ. ಸದಾ ತೇವವಾಗಿ ಗಾಳಿಯಿಲ್ಲದಿರುವ ಎಡೆಯಲ್ಲಿ ಈ ಪೊರೆಯ ಮೇಲೆಯೇ ಬೂಷ್ಟು ಬೆಳೆಯುವುದು. ಕತ್ತಲೆಯ ಮೂಲೆಯಲ್ಲಿ ಅದರ ಬಣ್ಣವು ಹಳದಿಗೆ ತಿರುಗುವುದು.

ಈ ದೋಷಗಳಿಗೆ ಮೂಲವೂ ಈ ಲೇಪದ ಹಿರಿಮೆಗೆ ಮೂಲವೂ ಒಂದೇ. ಮಣ್ಣಿನ ಜೀವಿಗಳು ಯಾವುದನ್ನು ತಿಂದು ಜೀರ್ಣಿಸಿಕೊಳ್ಳಬಲ್ಲವೋ ಅದನ್ನು ಅವು ಬಾಗಿಲಿನ ಮೇಲಿದ್ದಾಗಲೂ ಸಮಯ ಸಿಕ್ಕರೆ ಬಿಡುವುದಿಲ್ಲ. ಮಣ್ಣಿಗೆ ಸೇರುವ ಗುಣವೂ ಬೇಕು, ಒಮ್ಮೆ ಬಳಿದರೆ ಮೊಮ್ಮಕ್ಕಳ ಕಾಲದವರೆಗೂ ಇರಬೇಕು ಎಂದರೆ ಎರಡೂ ಕೂಡಿಬರುವುದಿಲ್ಲ. ಆದುದರಿಂದ ಮಳೆ ಬಿಸಿಲುಗಳಿಗೆ ಒಡ್ಡಿದ ಸಾಮಾನಿಗೆ ವರ್ಷಕ್ಕೊಮ್ಮೆ ಒಂದು ತೆಳು ಕೈ ಬಳಿಯುವ ಪದ್ಧತಿಯನ್ನು ಇಟ್ಟುಕೊಳ್ಳಬೇಕು. ಹಳೆಯ ಲೇಪವನ್ನು ಕೆರೆದು ತೆಗೆಯಬೇಕಾದ ಶ್ರಮವಿಲ್ಲ. ತೊಳೆದು ಒಣಗಿಸಿ ಅದರ ಮೇಲೆಯೇ ಬಳಿದರಾಯಿತು. ಆಯುಧಪೂಜೆಗೆ ಮುಟ್ಟುಗಳನ್ನೆಲ್ಲ ತೊಳೆದು ಸಿಂಗರಿಸುವ ವಾಡಿಕೆ ಇದ್ದೇ ಇದೆ. ಹಾಗೆಯೇ ಬೇಸಿಗೆಯಲ್ಲಿ ಒಂದು ದಿನವನ್ನು ಎಣ್ಣೆ ಬಳಿಯುವುದಕ್ಕೆ ಗೊತ್ತುಮಾಡಿಕೊಂಡರೆ ಸಾಕು.

ಸೀಸದ ವಿಷಯ

ಹಿಂದಿನ ಕಾಲದಲ್ಲಿ ಅಗಸೆ ಎಣ್ಣೆಯು ಬೇಗ ಒಣಗಲೆಂದು ಸೀಸದ ಪುಡಿಯನ್ನು ಹಾಕಿ ಕಾಯಿಸುತ್ತಿದ್ದರು. ಒಂದೇ ದಿನದಲ್ಲಿ ಒಣಗುತ್ತಿದ್ದುದರಿಂದ ಅದು ಎಲ್ಲರಿಗೂ ಮೆಚ್ಚುಗೆಯಾಗಿತ್ತು. ಸೀಸವು ವಿಷ. ಮುಖ್ಯವಾಗಿ ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಅದು ಕುಂದಿಸುವುದು. ಹಾಗೆ ಕುಂದಿದುದು ಮತ್ತೆ ಸರಿಹೋಗುವುದಿಲ್ಲ. ಭಾರತ ಸರ್ಕಾರವು ೨೦೧೬ರಲ್ಲಿ ನಿಯಮಗಳನ್ನು ಮಾಡಿ, ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದೆಂದು ವಿಧಿಸಿತು. ಯಾರಾದರೂ ಹಳಬರು ಸೀಸದ ಪುಡಿಯ ಪಾಕವನ್ನು ಹೇಳಿದರೆ ಅದನ್ನು ಗೌರವದಿಂದಲೇ ನಿರಾಕರಿಸಬೇಕು.

ಅಂಗಡಿಯಲ್ಲಿ ಕಾಯಿಸಿದ ಅಗಸೆ ಎಣ್ಣೆಯೆಂದು ಮಾರುವುದರಲ್ಲಿ ಕೋಬಾಲ್ಟ್, ಮ್ಯಾಂಗನೀಸ್ ಮೊದಲಾದ ಲೋಹದ ಲವಣಗಳು ಬೆರೆತಿರುವುದು ಸಾಮಾನ್ಯ. ಅದು ಬಾಗಿಲಿಗೆ ಆದೀತು. ಆದರೆ ದನಗಳು ನೆಕ್ಕುವ ಗೋದಲಿಗೂ, ಕಾಳು ತುಂಬುವ ಪೆಟ್ಟಿಗೆಗೂ, ಹಿಟ್ಟಿನ ಮರಿಗೆಗೂ, ಮಗುವಿನ ತೊಟ್ಟಿಲಿಗೂ ಅದನ್ನು ಬಳಿಯಕೂಡದು. ಇವುಗಳಿಗೆ ಮನೆಯಲ್ಲಿ ಬಿಸಿಲಿನಿಂದ ತಯಾರಿಸಿದ ಶುದ್ಧ ಎಣ್ಣೆಯನ್ನು ಟರ್ಪೆಂಟೈನ್ ಬೆರೆಸದೆ ಬಳಿದು, ಒಂದು ತಿಂಗಳು ಗಾಳಿಯಾಡಲು ಬಿಟ್ಟ ಮೇಲೆ ಉಪಯೋಗಿಸತಕ್ಕದ್ದು.

ಎಣ್ಣೆ ಒರಸಿದ ಬಟ್ಟೆಯಿಂದ ಬೆಂಕಿ

ಈ ಭಾಗವನ್ನು ಊರಿನ ಮುಖಂಡರು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಉಳಿದುದೆಲ್ಲ ಮರೆತರೂ ಇದು ಮರೆಯಬಾರದು.

ಆಮ್ಲಜನಕವು ಎಣ್ಣೆಗೆ ಸೇರುವಾಗ ಶಾಖವು ಹುಟ್ಟುತ್ತದೆಂಬುದು ಪ್ರಕೃತಿನಿಯಮ. ಬಾಗಿಲಿನ ಮೇಲಿನ ತೆಳುಪೊರೆಯಲ್ಲಿ ಆ ಶಾಖವು ಹುಟ್ಟಿದಂತೆಲ್ಲ ಗಾಳಿಗೆ ಹೋಗಿಬಿಡುವುದರಿಂದ ಯಾರಿಗೂ ತಿಳಿಯುವುದಿಲ್ಲ. ಆದರೆ ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಏನಾಗುವುದು? ಬಟ್ಟೆಯ ಒಂದೊಂದು ನೂಲಿನ ಮೇಲೂ ಎಣ್ಣೆಯು ತೆಳ್ಳಗೆ ಹರಡಿಕೊಂಡಿರುವುದು. ನೂಲುಗಳ ಸಂದಿನಲ್ಲಿ ಗಾಳಿಯಿರುವುದು. ಹುಟ್ಟಿದ ಶಾಖವು ಮಾತ್ರ ಹೊರಕ್ಕೆ ಹೋಗಲಾರದೆ ಮುದ್ದೆಯ ನಡುವೆ ಕೂಡುತ್ತ ಹೋಗುವುದು. ಶಾಖವೇರಿದಷ್ಟೂ ಎಣ್ಣೆಯು ಗಾಳಿಯನ್ನು ಇನ್ನೂ ಬೇಗ ಹೀರುವುದು. ಬೇಗ ಹೀರಿದಷ್ಟೂ ಶಾಖವು ಇನ್ನೂ ಏರುವುದು. ಕೆಲವೇ ಗಂಟೆಗಳಲ್ಲಿ, ಕಡ್ಡಿ ಗೀಚಿದವರಿಲ್ಲದೆ, ಕಿಡಿ ಬಿದ್ದಿಲ್ಲದೆ, ಆ ಮುದ್ದೆಯು ತಾನಾಗಿ ಹೊತ್ತಿಕೊಳ್ಳುವುದು. ಹತ್ತಿಯ ಅರಳೆ, ಗೋಣಿತಟ್ಟು, ಮರದ ಹೊಟ್ಟುಗಳಲ್ಲಿ ಎಣ್ಣೆ ಚೆಲ್ಲಿದಾಗಲೂ ಹೀಗೆಯೇ ಆಗುವುದು.

ಇದು ಕಟ್ಟುಕತೆಯಲ್ಲ. ಅಮೆರಿಕೆಯ ಫಿಲಡೆಲ್ಫಿಯಾ ನಗರದ ಒನ್ ಮೆರಿಡಿಯನ್ ಪ್ಲಾಜಾ ಎಂಬ ೩೮ ಅಂತಸ್ತಿನ ಕಟ್ಟಡದಲ್ಲಿ ೧೯೯೧ರ ಫೆಬ್ರವರಿ ೨೩ರ ರಾತ್ರಿ ಬೆಂಕಿ ಎದ್ದಿತು. ಮರದ ಹಲಗೆಗಳಿಗೆ ಹೊಳಪು ಕೊಡುತ್ತಿದ್ದ ಕೆಲಸಗಾರರು ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಗಳನ್ನು ೨೨ನೆಯ ಅಂತಸ್ತಿನಲ್ಲಿ ಬಿಟ್ಟುಹೋಗಿದ್ದುದೇ ಅದಕ್ಕೆ ಕಾರಣವೆಂದು ವಿಚಾರಣೆಯಲ್ಲಿ ಗೊತ್ತಾಯಿತು. ಬೆಂಕಿಯು ಹದಿನೆಂಟು ಗಂಟೆಗಳಿಗೂ ಮೇಲ್ಪಟ್ಟು ಉರಿದು, ಎಂಟು ಅಂತಸ್ತುಗಳನ್ನು ಸುಟ್ಟಿತು. ಅದನ್ನು ಆರಿಸಹೋದ ಮೂವರು ಅಗ್ನಿಶಾಮಕರು ಪ್ರಾಣಬಿಟ್ಟರು. ೩೦ನೆಯ ಅಂತಸ್ತಿನಲ್ಲಿ ತಾನಾಗಿ ನೀರು ಚಿಮ್ಮುವ ಕೊಳವೆಗಳಿದ್ದುದರಿಂದ ಬೆಂಕಿಯು ಅಲ್ಲಿಗೆ ನಿಂತಿತು. ಕಲ್ಲು, ಉಕ್ಕು, ನೀರಿನ ಕೊಳವೆಗಳಿಂದ ಕೂಡಿದ ಮಹಾನಗರದಲ್ಲಿಯೇ ಹೀಗಾದರೆ, ಒಣಹುಲ್ಲಿನ ಬಣವೆಯ ಪಕ್ಕದಲ್ಲಿ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ಹಳ್ಳಿಯಲ್ಲಿ ಇದಕ್ಕೆ ಇನ್ನೊಂದು ಕೆಡಕೂ ಸೇರಿಕೊಳ್ಳುವುದು. ಹಗಲು ಗಾಡಿಗೆ ಎಣ್ಣೆ ಬಳಿದವನು ಒರಸಿದ ಚಿಂದಿಯನ್ನು ಕೊಟ್ಟಿಗೆಯ ಮೂಲೆಗೆಸೆದು ಮಲಗುವನು. ನಡುರಾತ್ರಿಯಲ್ಲಿ ಕೊಟ್ಟಿಗೆ ಹೊತ್ತುವುದು. ಒಲೆ ಆರಿತ್ತು, ದೀಪವಿರಲಿಲ್ಲ. ಹಾಗಾದರೆ ಬೆಂಕಿ ಹಚ್ಚಿದವರಾರು? ಬದುವಿನ ಜಗಳವಿದ್ದ ನೆರೆಯವನ ಮೇಲೆಯೇ ಅನುಮಾನವು ಹೋಗುವುದು. ಹುಲ್ಲು ಒಂದು ರಾತ್ರಿ ಉರಿದು ಆರಿದರೂ ಆ ಅನುಮಾನವು ಎರಡು ತಲೆಮಾರು ಉರಿಯಬಹುದು. ಆದುದರಿಂದ ಇಂತಹ ಬೆಂಕಿಯ ವಿಚಾರಣೆಗೆ ಕುಳಿತ ಹಿರಿಯರು, ಆ ದಿನ ಅಲ್ಲಿ ಎಣ್ಣೆಯ ಕೆಲಸ ನಡೆದಿತ್ತೇ, ಒರಸಿದ ಬಟ್ಟೆಯನ್ನು ಎಲ್ಲಿ ಹಾಕಿದರು ಎಂಬ ಪ್ರಶ್ನೆಯನ್ನು ಮೊದಲು ಕೇಳಲಿ. ನಿರಪರಾಧಿಯ ಹೆಸರು ಅದರಿಂದ ಉಳಿದೀತು.

ಪರಿಹಾರವು ಬಹು ಸುಲಭ. ಕೆಲಸಕ್ಕೆ ಕೈಹಾಕುವ ಮೊದಲೇ ಒಂದು ಬಕೆಟ್ ನೀರನ್ನು ಪಕ್ಕದಲ್ಲಿಡಬೇಕು. ಒರಸಿದ ಪ್ರತಿಯೊಂದು ಚಿಂದಿಯನ್ನೂ ಕೈಯಿಂದ ಕೆಳಗಿಡದೆ ನೇರವಾಗಿ ನೀರಿಗೆ ಹಾಕಬೇಕು. ಕೆಲಸ ಮುಗಿದ ಮೇಲೆ, ಮನೆ, ಕೊಟ್ಟಿಗೆ, ಬಣವೆಗಳಿಂದ ದೂರವಾದ ಬಯಲಿನಲ್ಲಿ, ಬಂಡೆಯ ಮೇಲೆ, ಒಂದರ ಮೇಲೊಂದು ಬೀಳದಂತೆ ಹರಡಬೇಕು. ಹಲವು ದಿನಗಳ ಮೇಲೆ ಅವು ಒಣಗಿ ಹಪ್ಪಳದಂತೆ ಬಿರುಸಾದಾಗ ಅಪಾಯವು ಕಳೆಯಿತೆಂದು ತಿಳಿದು ಹೂಳಬಹುದು. ಮಡಿಸುವುದು, ಮುದ್ದೆಮಾಡುವುದು, ಚೀಲಕ್ಕೆ ತುಂಬುವುದು, ಸೂರಿಗೆ ಸಿಕ್ಕಿಸುವುದು ಇವು ನಾಲ್ಕೂ ಕೂಡದು. ಮಕ್ಕಳ ಕೈಯಲ್ಲಿ ಕೆಲಸ ಮಾಡಿಸುವವರು ಇದನ್ನು ಮೊದಲು ಅವರಿಗೆ ಹೇಳಬೇಕು.

ಉಪಸಂಹಾರ

ಅಗಸೆ ಎಣ್ಣೆಯ ಶಾಸ್ತ್ರವೆಲ್ಲ ಒಂದೇ ಮಾತಿನಲ್ಲಿ ಅಡಗಿದೆ: ಅದು ಗಾಳಿಯೊಡನೆ ಸೇರಿ ಬದಲಾಗುವ ಎಣ್ಣೆ. ತೆಳ್ಳಗೆ ಹರಡಿ ತಾಳ್ಮೆಯಿಂದ ಕಾದವನಿಗೆ ಗಾಳಿಯು ಅದನ್ನು ರಕ್ಷಣೆಯ ಪೊರೆಯನ್ನಾಗಿ ಮಾಡಿಕೊಡುವುದು. ದಪ್ಪಗೆ ಬಳಿದವನಿಗೆ ಅದೇ ಎಣ್ಣೆ ಅಂಟಾಗಿ ಉಳಿಯುವುದು. ಮುದ್ದೆಮಾಡಿ ಎಸೆದವನ ಮನೆಗೆ ಅದೇ ಗಾಳಿ, ಅದೇ ಎಣ್ಣೆ ಬೆಂಕಿಯಾಗುವುವು. ಕೊನೆಯಲ್ಲಿ ಮಣ್ಣಿಗೆ ಸೇರಿದಾಗ ಅದು ಮಣ್ಣಾಗುವುದು.

ಪ್ರತಿಯೊಂದು ಗ್ರಾಮದಲ್ಲಿಯೂ ಒಬ್ಬಿಬ್ಬರು ಹಿಡುವಳಿದಾರರು ಮುಂದೆ ಬಂದು, ಈ ಹಿಂಗಾರಿಯಲ್ಲಿ ನಾಲ್ಕು ಸಾಲು ಅಗಸೆಯನ್ನು ಹೆಚ್ಚಾಗಿ ಬಿತ್ತಿ, ಬರುವ ಬೇಸಿಗೆಯಲ್ಲಿ ಒಂದು ಸೀಸೆ ಎಣ್ಣೆಯನ್ನು ಬಿಸಿಲಿಗಿಟ್ಟು ನೋಡಲಿ. ಎರಡು ಹೊಸ ಕಾವುಗಳಲ್ಲಿ ಒಂದಕ್ಕೆ ಮಾತ್ರ ಬಳಿದು, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡನ್ನೂ ಒಂದೇ ಮಳೆಗೆ ಒಡ್ಡಲಿ. ಮಳೆಗಾಲ ಮುಗಿದ ಮೇಲೆ ಎರಡನ್ನೂ ಊರಿನ ಕಟ್ಟೆಯ ಮೇಲಿಟ್ಟರೆ ನೋಡಿದವರು ತಾವೇ ತ���ರ್ಮಾನಿಸುವರು. ಆ ಕೆಲಸವನ್ನು ಆರಂಭಿಸುವ ದಿನ, ನೀರು ತುಂಬಿದ ಬಕೆಟ್ಟು ಮೊದಲು ಪಕ್ಕಕ್ಕೆ ಬರಲಿ. ಎಣ್ಣೆಯ ಸೀಸೆಯ ಬಿರಟೆಯನ್ನು ಆಮೇಲೆ ತೆಗೆಯಲಿ.